ಹುಲಿಗೆಮ್ಮ ತಂಗಿಯನ್ನು ಹುಡುಕಿದ ಮಳೆಗಾಲ

ಚೆನ್ನೈಯ ಕೋಡಂಬಾಕ್ಕಂನಲ್ಲಿ ಮೆಟ್ರೊ ಕೆಲಸಕ್ಕೆಂದು ಅರ್ಧ ರಸ್ತೆಯನ್ನು ತಗಡು ಹೊಡೆದು ಮುಚ್ಚಿದ್ದಾರೆ. ಹೋದ ವಾರ ಆ ತಗಡಿನ ಪಕ್ಕ ನಡೆದುಹೋಗುತ್ತಿದ್ದಾಗ ಥಟ್ಟನೆ ಜೋಳದ ರೊಟ್ಟಿ ಸುಡುವ ವಾಸನೆ ಬಂತು. ನನಗೆ ಅದು ತವರಿನ ವಾಸನೆಯೇನಲ್ಲ. ನಮ್ಮದು ಮೂರು ತಲೆಮಾರಿನಿಂದ ಪಶ್ಚಿಮ ಮಾಂಬಲದಲ್ಲಿರುವ ಮಾಧ್ವರ ಮನೆ. ಅನ್ನ, ಸಾರು, ಗೊಜ್ಜಿನಲ್ಲಿ ಬೆಳೆದವರು ನಾವು. ಆದರೂ ಕಾಲು ನಿಂತುಬಿಟ್ಟಿತು. ಸಂದಿಯಿಂದ ಇಣುಕಿ ನೋಡಿದರೆ ಕಾಮಗಾರಿಗೆ ಬಂದ ಇಬ್ಬರು ಹೆಂಗಸರು ಇಟ್ಟಿಗೆಯ ಒಲೆಯ ಮೇಲೆ ಹಂಚಿಟ್ಟು ರೊಟ್ಟಿ ಬೇಯಿಸುತ್ತಿದ್ದರು.

"ಯಾವೂರಮ್ಮ?" ಎಂದೆ.

"ರಾಯಚೂರ ಕಡೇರಿ. ನೀವೂ ಕನ್ನಡದವರೇನ್ರಿ?"

ಹೌದೆಂದೆ. ಒಂದು ರೊಟ್ಟಿ ತಿಂದು ಹೋಗಿ ಎಂದು ಕರೆದರು. ಹೊಗೆಗೆ ಕಣ್ಣು ಉರಿಯುತ್ತಿದೆ ಎಂದು ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಹೊಗೆಯ ಕಾರಣ ಅರ್ಧ ಮಾತ್ರ ನಿಜ.

ಕೆಲವು ವರ್ಷಗಳ ಹಿಂದೆ ನನಗೆ ತಾಂಬರಂ ಶಾಖೆಗೆ ವರ್ಗವಾಗಿತ್ತು. ವಿಮಾ ಕಚೇರಿಯ ಕೆಲಸ. ಬೆಳಿಗ್ಗೆ ಮಾಂಬಲದಲ್ಲಿ ಎಲೆಕ್ಟ್ರಿಕ್ ಟ್ರೇನು ಹತ್ತಿದರೆ ಹೆಂಗಸರ ಡಬ್ಬಿಯಲ್ಲಿ ದಿನವೂ ಅವೇ ಮುಖಗಳು, ಅದೇ ಮಲ್ಲಿಗೆಯ ಘಮ, ಸೀಟಿಗಾಗಿ ಅವೇ ಜಗಳಗಳು. ಜಗಳ ಹೆಚ್ಚಾದರೆ ತೀರ್ಪು ಹೇಳುತ್ತಿದ್ದವಳು ಸೆಲ್ವಿ. ದೊಡ್ಡ ದನಿಯ, ಕಪ್ಪಗೆ ಎತ್ತರವಾದ ಹೆಂಗಸು. ಅವಳ ಫೋನು ಮಾತ್ರ ಸದಾ ಸಾಯುವ ಸ್ಥಿತಿಯಲ್ಲಿರುತ್ತಿತ್ತು, ಯಾರ ಬಳಿಯಾದರೂ ಚಾರ್ಜರ್ ಕೇಳುತ್ತಿದ್ದಳು. ನನ್ನ ಬಳಿ ಕೇಳಿದ್ದರಿಂದಲೇ ನಮ್ಮ ಸ್ನೇಹ ಶುರುವಾದದ್ದು.

ಮಕ್ಕಳ ಸಾಗಾಣಿಕೆಯ ವಿರುದ್ಧ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿದ್ದಳು ಅವಳು. ಓದಿಸುತ್ತೇವೆ, ಕೆಲಸ ಕೊಡಿಸುತ್ತೇವೆ ಎಂದು ನಂಬಿಸಿ ದೂರದ ಊರುಗಳಿಂದ ತಂದು ಮನೆಗಳಲ್ಲಿ, ಕಾರ್ಖಾನೆಗಳಲ್ಲಿ ಕೂಡಿಹಾಕಿದ ಮಕ್ಕಳನ್ನು ಪೊಲೀಸರ ಜೊತೆ ಹೋಗಿ ಬಿಡಿಸಿ ತರುವುದು, ತಾಂಬರಂ ಆಚೆಗಿದ್ದ ಅವರ ಆಶ್ರಯದ ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುವುದು, ಕೋರ್ಟಿಗೆ ಜೊತೆಯಲ್ಲಿ ಹೋಗುವುದು. ಇದೊಂದನ್ನೂ ಅವಳು ನನಗೆ ಕೂರಿಸಿಕೊಂಡು ಹೇಳಿದ್ದಲ್ಲ. ನನ್ನ ಚಾರ್ಜರಿಗೆ ಫೋನು ಸಿಕ್ಕಿಸಿಕೊಂಡು ಪಕ್ಕದಲ್ಲೇ ಮಾತಾಡುತ್ತಿದ್ದರಿಂದ ಕಿವಿಗೆ ಬಿದ್ದದ್ದು.

ಊರಿಗೆಲ್ಲ ಮಳೆಗಾಲ ಮುಗಿದ ಮೇಲೆ ಚೆನ್ನೈಗೆ ಮಳೆ ಶುರುವಾಗುತ್ತದೆ. ದೀಪಾವಳಿಯ ಪಟಾಕಿ ಒದ್ದೆಯಾಗುವುದು ಇಲ್ಲಿ ಮಾಮೂಲು. ಆ ವರ್ಷದ ದೀಪಾವಳಿ ಮುಗಿದಿತ್ತಷ್ಟೇ. ಟ್ರೇನಿನ ಬಾಗಿಲಲ್ಲಿ ಕೊಡೆ ಮಡಚುತ್ತಾ ಸೆಲ್ವಿ ತಮಿಳಿನಲ್ಲಿ ಕೇಳಿದಳು.

"ಸುಧಾ, ನಿಮ್ಮ ಮನೆಯಲ್ಲಿ ಕನ್ನಡ ಅಲ್ಲವಾ? ಒಂದು ಪೊಣ್ಣು, ಚಿಕ್ಕ ಹುಡುಗಿ, ಬಂದಿದೆ ಮಾ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಸುರಿಯೋ ಮಳೆಯಲ್ಲಿ ಕಂಬಿ ಒರೆಸ್ತಾ ಇತ್ತಂತೆ. ಎದುರು ಮನೆಯವರು ನೋಡಿ ಫೋನ್ ಮಾಡಿದ್ರು. ಬಾಯೇ ಬಿಡ್ತಿಲ್ಲ. ಕನ್ನಡ ಅಂತ ಮಾತ್ರ ಗೊತ್ತಾಯ್ತು. ಸಾಯಂಕಾಲ ಬರ್ತೀಯಾ?"

ಹೋದೆ. ಒಂದು ಸಂಜೆ ಎಂದುಕೊಂಡು ಹೋದವಳು ಆ ಮಳೆಗಾಲವೆಲ್ಲ ಅಲ್ಲಿಯೇ ಇದ್ದೆ.

ಹುಡುಗಿಗೆ ಹನ್ನೆರಡೋ ಹದಿಮೂರೋ ಇರಬೇಕು. ಹೇನಾಗುತ್ತದೆಂದು ಆ ಮನೆಯವರು ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿದ್ದರು. ಸಾಬೂನಿನ ನೀರಿಗೆ ಬೆರಳ ಸಂದಿಗಳು ಬೆಳ್ಳಗೆ ಬಿರಿದಿದ್ದವು. ಆ ಮನೆಯಲ್ಲಿ ಅವಳನ್ನು ಪ್ರಿಯಾ ಎಂದು ಕರೆಯುತ್ತಿದ್ದರಂತೆ. ನಾನು ಹತ್ತಿರ ಕುಳಿತು, ನನ್ನ ಕನ್ನಡದಲ್ಲಿ, ಭಯಪಡಬೇಡ ಕಣ್ಣಾ, ಮೊದಲು ಊಟ ಮಾಡು, ಅಪ್ಪುರಂ ಮಾತಾಡೋಣ ಎಂದೆ. ಅವಳು ತಲೆ ಎತ್ತಿ ನನ್ನ ಮುಖವನ್ನೇ ನೋಡಿದಳು.

"ಅಪ್ಪುರಂ ಅಂದ್ರ ಏನ್ರಿ?"

ಅದೇ ಅವಳ ಮೊದಲ ಮಾತು. 'ಆಮೇಲೆ' ಅನ್ನುವುದನ್ನು ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಅಪ್ಪುರಂ ಎಂದೇ ಹೇಳುವುದು; ಅದು ತಮಿಳೆಂಬ ಗ್ಯಾನವೂ ನನಗಿರಲಿಲ್ಲ. ಹೇಳಿದೆ. ಅವಳ ತುಟಿಯ ಕೊನೆ ಸ್ವಲ್ಪ ಅಲುಗಿತು.

"ನಿಮ್ಮ ಕನ್ನಡ ಒಂಥರಾ ಐತಿ ನೋಡ್ರಿ."

ಹೆಸರು ಹುಲಿಗೆಮ್ಮ, ಊರು ಕೊಪ್ಪಳದ ಕಡೆ. ಇಷ್ಟು ಹೇಳಿದಳು. ಯಾರು ಕರೆದುಕೊಂಡು ಬಂದರು ಎಂದರೆ ಮತ್ತೆ ಕಲ್ಲು. ಒತ್ತಾಯ ಮಾಡಬೇಡ ಎಂದು ಸೆಲ್ವಿ ಕಣ್ಣಲ್ಲೇ ಹೇಳಿದಳು. ಪೊಲೀಸರೂ ಮಕ್ಕಳ ಕಲ್ಯಾಣ ಸಮಿತಿಯವರೂ ಹೇಳಿಕೆಗಾಗಿ ಕಾಯುತ್ತಿದ್ದರು. ಆ ಅಪಾರ್ಟ್‌ಮೆಂಟಿನ ದಂಪತಿಗಳು ಮನೆಯಲ್ಲಿ ಕನ್ನಡವನ್ನೇ ಆಡುವವರು, ಅವಳನ್ನು ಹೊರಗೇ ಬಿಟ್ಟವರಲ್ಲ; ಹುಡುಗಿ ನಮ್ಮ ಸಂಬಂಧಿಕರ ಪೈಕಿ, ಓದಿಸಲೆಂದೇ ಇಟ್ಟುಕೊಂಡದ್ದು ಎಂದು ವಾದಿಸುತ್ತಿದ್ದರು. ಆದರೂ ಸೆಲ್ವಿ ಯಾರನ್ನೂ ಮಗುವಿನ ಹತ್ತಿರ ಬಿಡಲಿಲ್ಲ. "ಹೊಟ್ಟೆ ತುಂಬ ತಿಂದು ನಿದ್ದೆ ಮಾಡಲಿ. ಆಮೇಲೆ ಕಾನೂನು," ಎನ್ನುತ್ತಿದ್ದಳು.

ಆದರೆ ಹುಡುಗಿ ತಿನ್ನುತ್ತಲೇ ಇರಲಿಲ್ಲ. ಸಾಂಬಾರಿನ ಅನ್ನವನ್ನು ಬೆರಳಲ್ಲಿ ಆಡಿಸಿ ಎದ್ದುಬಿಡುತ್ತಿದ್ದಳು. ಒಂದು ಭಾನುವಾರ ನಾನು ಮಾಂಬಲದ ಅಂಗಡಿಯಲ್ಲಿ ಜೋಳದ ಹಿಟ್ಟು ಕೊಂಡುಕೊಂಡು ಹೋದೆ. ಆಶ್ರಯದ ಮನೆಯ ಅಡುಗೆಕೋಣೆಯಲ್ಲಿ ತಣ್ಣೀರು ಹಾಕಿ ಕಲಸಿ ತಟ್ಟಿದರೆ ರೊಟ್ಟಿ ಕೈಯಲ್ಲೇ ಬಿರಿದು ಮೂರು ದಿಕ್ಕಿಗೆ ಬಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹುಲಿಗೆಮ್ಮ ಒಳಗೆ ಬಂದಳು.

"ಕುದಿನೀರ ಹಾಕ್ಬೇಕ್ರೀ. ತಣ್ಣೀರಿಗೆ ಜಿಗಿ ಬರಂಗಿಲ್ಲ. ಸರೀರಿ ಅತ್ಲಾಗ."

ಅವಳೇ ಎಸರಿಟ್ಟು, ನಾದಿ, ಬಡಿಯತೊಡಗಿದಳು. ಕಿಟಕಿಯ ಆಚೆ ಮಳೆ ಹಿಡಿದಿತ್ತು. ರೊಟ್ಟಿ ಅವಳ ಕೈಯಡಿ ತಿರುಗಿ ತಿರುಗಿ ದೊಡ್ಡದಾಗುತ್ತಿತ್ತು. ಹಂಚಿನ ಮೇಲೆ ಹಾಕಿ ನೀರು ಸವರುತ್ತಾ, ನನ್ನ ಕಡೆ ನೋಡದೆ ಕೇಳಿದಳು.

"ನಿಮಗ ತಂಗಿ ಅದಾಳೇನ್ರಿ?"

"ಇಲ್ಲಮ್ಮ. ನಿನಗೆ?"

"ಅದಾಳ್ರಿ. ಮಲ್ಲವ್ವ ಅಂತ. ಆಕಿನೂ ಇದ ಊರಾಗ ಅದಾಳ್ರಿ."

ಅವಳು ರೊಟ್ಟಿ ತಿರುವಿಹಾಕುತ್ತಾ ಒಂದೊಂದಾಗಿ ಹೇಳಿದಳು. ಅಪ್ಪ ಇಲ್ಲ. ಅವ್ವ ಇಟ್ಟಿಗೆ ಭಟ್ಟಿಗೆ ದುಡಿಯಲು ಹೋಗುವವಳು. ಪಕ್ಕದೂರಿನ ನೀಲಮ್ಮ ಎಂಬವಳು, ನಿನ್ನ ಮಕ್ಕಳನ್ನು ದೊಡ್ಡ ಊರಿನ ಹಾಸ್ಟೆಲಿಗೆ ಸೇರಿಸುತ್ತೇನೆ, ಶಾಲೆಗೆ ಹೋಗುತ್ತಾರೆ ಎಂದು ಹೇಳಿ ಇಬ್ಬರನ್ನೂ ರೈಲಿನಲ್ಲಿ ಕರೆತಂದಳು. ಚೆನ್ನೈಯಲ್ಲಿ ಮತ್ತೊಂದು ರೈಲು ಹತ್ತಿಸಿ ಮೊದಲು ಮಲ್ಲಿಯನ್ನು ಒಂದು ಮನೆಯಲ್ಲಿ ಬಿಟ್ಟಳು, ಆಮೇಲೆ ಹುಲಿಗೆಮ್ಮನನ್ನು ಇನ್ನೊಂದರಲ್ಲಿ. ಆಗ ಮಲ್ಲಿಗೆ ಏಳು ವರ್ಷ. ಎರಡು ವರ್ಷ ಕಳೆದಿತ್ತು.

"ಬಾಯಿ ಬಿಟ್ರ ಮಲ್ಲಿನ್ನ ಬ್ಯಾರೆ ಊರಿಗೆ ಮಾರ್ತೀನಿ ಅಂದಾಳ್ರಿ ನೀಲಮ್ಮ. ನೀವು ಯಾರಿಗೂ ಹೇಳಬ್ಯಾಡ್ರಿ."

ಹೇಳುವುದಿಲ್ಲ ಎಂದು ಮಾತು ಕೊಡುವುದು ಸುಲಭವಿತ್ತು. "ಸೆಲ್ವಿ ಅಕ್ಕನಿಗೆ ಹೇಳದೆ ಇದ್ರೆ ಮಲ್ಲೀನ ಹೇಗೆ ಕರ್ಕೊಂಡು ಬರೋದು ಕಣ್ಣಾ? ಆದ್ರೆ ನೀನು ಬೇಡ ಅಂದ್ರೆ ಈಗ ಎದ್ದು ಹೋಗಿ ಹೇಳೋದಿಲ್ಲ. ನೀನು ಯೋಚನೆ ಮಾಡು," ಎಂದೆ.

ಅವಳು ಹಂಚಿನ ಮೇಲಿದ್ದ ರೊಟ್ಟಿ ತೆಗೆದು, ಇನ್ನೊಂದನ್ನು ಬಡಿದು, ಅದೂ ಬೆಂದು, ಅದನ್ನೂ ತೆಗೆದು ತಟ್ಟೆಗೆ ಹಾಕಿದಳು. ಒಲೆ ಆರಿಸಿದಳು.

"ಹೇಳ್ರಿ," ಎಂದಳು. ತಟ್ಟೆಯನ್ನು ನನ್ನ ಕಡೆ ಸರಿಸುತ್ತಾ, "ಅವ್ವಗ ಗೊತ್ತಿತ್ತೇನ್ರಿ, ಇದೆಲ್ಲಾ?"

ಗೊತ್ತಿರಲಾರದು ಎಂದೆ. ನನಗೆ ಹೇಗೆ ಗೊತ್ತಾಗಬೇಕು? ಅವಳಿಗೂ ಅದು ತಿಳಿಯಿತು. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಮಲ್ಲಿಯ ಮನೆ ಎಲ್ಲಿ ಎಂಬುದಕ್ಕೆ ಹುಲಿಗೆಮ್ಮನ ಬಳಿ ಇದ್ದದ್ದು ಇಷ್ಟು: ರೈಲಿನ ಕಿಟಕಿಯಿಂದ ಅರ್ಧ ಕಡಿದ ಗುಡ್ಡ ಕಂಡಿತ್ತು. ವಿಮಾನಗಳು ತಲೆಯ ಮೇಲೆಯೇ ಇಳಿದಂತೆ ಹೋಗುತ್ತಿದ್ದವು. ಬೇವಿನ ಮರದ ಕೆಳಗೆ ಗಣಪ್ಪ, ಅದರ ಬಾಜೂಕ ಬೋರಿಂಗು. ಅಲ್ಲಿ ಮಲ್ಲಿಗೆ ನೀರು ಕುಡಿಸಿದ್ದಳು. ಸೆಲ್ವಿ ಕೇಳಿದವಳೇ, "ತ್ರಿಶೂಲಂ! ಇಲ್ಲದಿದ್ದರೆ ಪಲ್ಲಾವರಂ," ಎಂದಳು. ದಿನವೂ ನಾವು ಟ್ರೇನಿನಲ್ಲಿ ದಾಟುವ ಜಾಗ. ವಿಮಾನ ನಿಲ್ದಾಣದ ಎದುರಿಗೆ ಕಲ್ಲು ಒಡೆದೊಡೆದು ಗಾಯವಾದ ಗುಡ್ಡ.

ಸಮಿತಿಯ ಅನುಮತಿ ಪಡೆದು ಒಂದು ಬೆಳಿಗ್ಗೆ ನಾವು ನಾಲ್ವರು ತಾಂಬರಂನಲ್ಲಿ ಟ್ರೇನು ಹತ್ತಿದೆವು: ಹುಲಿಗೆಮ್ಮ, ಸೆಲ್ವಿ, ನಾನು, ಮತ್ತು ಸಾದಾ ಸೀರೆ ಉಟ್ಟು ಬಂದಿದ್ದ ಮಹಿಳಾ ಇನ್‌ಸ್ಪೆಕ್ಟರು. ಹುಲಿಗೆಮ್ಮ ಕಿಟಕಿಯ ಕಂಬಿಗೆ ಹಣೆಯೊತ್ತಿ ಕುಳಿತಿದ್ದಳು. ಮಳೆಯ ಎರಚಲು ಮುಖಕ್ಕೆ ಹೊಡೆಯುತ್ತಿದ್ದರೂ ಸರಿಯಲಿಲ್ಲ. ಪಲ್ಲಾವರಂ ದಾಟಿತು. ಮಳೆಯ ಮಬ್ಬಿನಲ್ಲಿ ಗುಡ್ಡ ಕಾಣಿಸಿದ ಕ್ಷಣ ಅವಳು ನನ್ನ ಮಣಿಕಟ್ಟು ಹಿಡಿದಳು. ಬಳೆ ಒತ್ತಿ ಚರ್ಮದ ಮೇಲೆ ಗೆರೆ ಮೂಡುವಷ್ಟು ಬಿಗಿಯಾಗಿ ಹಿಡಿದಳು.

ತ್ರಿಶೂಲಂನಲ್ಲಿ ಇಳಿದೆವು. ಬೀದಿಗಳಲ್ಲಿ ಮೊಣಕಾಲಿನ ತನಕ ನೀರು. ಅವಳು ಮುಂದೆ, ನಾವು ಹಿಂದೆ. ಒಂದು ಬೀದಿ ತಪ್ಪಿದಳು, ವಾಪಸು ಬಂದಳು. ಇನ್ನೊಂದರ ತಿರುವಿನಲ್ಲಿ ಬೇವಿನ ಮರ ಸಿಕ್ಕಿತು, ಅದರಡಿ ಗಣಪ್ಪನ ಸುತ್ತ ನೀರು ನಿಂತಿತ್ತು, ಬೋರಿಂಗಿನ ಹಿಡಿಕೆ ಮಾತ್ರ ಮೇಲೆ ಕಾಣುತ್ತಿತ್ತು. ಅಲ್ಲಿಂದ ಅವಳು ಓಡಿದಳು. ನೀರಿನಲ್ಲಿ ಎಡವಿ ಬಿದ್ದು, ಎದ್ದು, ಮತ್ತೆ ಓಡಿ, ಹಸಿರು ಗೇಟಿನ ಮನೆಯ ಮುಂದೆ ನಿಂತು "ಮಲ್ಲೀ!" ಎಂದು ಕೂಗಿದಳು.

ಗೇಟಿಗೆ ಬೀಗ ಜಡಿದಿತ್ತು.

ಬೀದಿಯ ಕೊನೆಯಲ್ಲಿ ಟಾರ್ಪಾಲಿನ ಕೆಳಗೆ ಇಸ್ತ್ರಿ ಮಾಡುವ ಹೆಂಗಸೊಬ್ಬಳಿದ್ದಳು. ಮನೆಯೊಳಗೆ ನೀರು ನುಗ್ಗಿದ್ದರಿಂದ ಅವರೆಲ್ಲ ಆವಡಿಯಲ್ಲಿರುವ ನೆಂಟರ ಮನೆಗೆ ಹೋದರು ಎಂದಳು. ಒಂದು ಚಿಕ್ಕ ಹುಡುಗಿ ಇತ್ತಾ ಎಂದು ಸೆಲ್ವಿ ಕೇಳಿದಳು.

"ಇತ್ತು ಮಾ. ಪಾವಂ, ಪಾಪದ ಮಗು. ತಲೆಯ ಮೇಲೆ ಪಾತ್ರೆ ಹೊರಿಸಿ, ನೀರೊಳಗೇ ನಡೆಸಿಕೊಂಡು ಹೋದರು."

ನಾನು ಇದನ್ನು ಕನ್ನಡದಲ್ಲಿ ಹುಲಿಗೆಮ್ಮನಿಗೆ ಹೇಳಬೇಕಾಗಿತ್ತು. ಪಾತ್ರೆಯ ವಿಷಯ ಬಿಟ್ಟು ಉಳಿದದ್ದು ಹೇಳಿದೆ. ಇನ್‌ಸ್ಪೆಕ್ಟರು ಆಗಲೇ ಫೋನು ಹಿಡಿದು ಪಕ್ಕಕ್ಕೆ ಹೋಗಿದ್ದರು. ಸೆಲ್ವಿ ಬೇವಿನ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಕೊಡೆ ಮಡಿಲಲ್ಲಿತ್ತು, ಬಿಚ್ಚಿರಲಿಲ್ಲ. ಇಡೀ ಡಬ್ಬಿಯನ್ನು ಒಂದೇ ಕೂಗಿಗೆ ಸುಮ್ಮನಾಗಿಸುತ್ತಿದ್ದ ಹೆಂಗಸು ಮಳೆಯಲ್ಲಿ ನೆನೆಯುತ್ತಾ, ಸದ್ದಿಲ್ಲದೆ ಅಳುತ್ತಿದ್ದಳು. "ಒಂದು ವಾರ ಮುಂಚೆ ಬಂದಿದ್ದರೆ ಸುಧಾ," ಎಂದಳು. ಆಗ ಹುಲಿಗೆಮ್ಮ ಹೋಗಿ ಅವಳ ಮಡಿಲಿನ ಕೊಡೆ ತೆಗೆದು ಬಿಚ್ಚಿ ಅವಳ ತಲೆಗೆ ಹಿಡಿದಳು. ಸೆಲ್ವಿ ಅವಳನ್ನು ಹತ್ತಿರಕ್ಕೆಳೆದುಕೊಂಡು, "ತೇಡುವೋಂ ಕಣ್ಣು, ತೇಡುವೋಂ," ಎಂದಳು. ಹುಡುಕೋಣ, ಹುಡುಕೋಣ ಎಂದು. ಅದನ್ನು ನಾನು ಅನುವಾದಿಸಬೇಕಾಗಲಿಲ್ಲ.

ಆಮೇಲಿನ ದಿನಗಳು ಬಹಳ ಉದ್ದವಾಗಿದ್ದವು. ಮಳೆ ಬಿಡಲಿಲ್ಲ, ಟ್ರೇನು ಅರ್ಧ ದಾರಿಗೆ ನಿಲ್ಲುತ್ತಿತ್ತು. ಕಚೇರಿಗೆ ರಜೆ ಹಾಕಿ ನಾನು ತಾಂಬರಂನಲ್ಲೇ ಉಳಿದೆ. ಸೆಲ್ವಿಯ ಫೋನು ಬಡಿದುಕೊಂಡಾಗಲೆಲ್ಲ ಹುಲಿಗೆಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ನಿಲ್ಲುವಳು. ಆಶ್ರಯದ ಮನೆಯ ಬೇರೆ ಮಕ್ಕಳು ಅವಳಿಗೆ ಕೇರಂ ಕಲಿಸಿದರು. ಅವಳು ಅವರಿಗೆ ಕಲ್ಲಾಟ ಕಲಿಸಿದಳು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಆವಡಿಯಿಂದ ಇನ್‌ಸ್ಪೆಕ್ಟರ ಜೀಪು ಬಂದು ಗೇಟಿನಲ್ಲಿ ನಿಂತಿತು. ಹಿಂದಿನ ಸೀಟಿನಿಂದ ಸೆಲ್ವಿ ಇಳಿದಳು, ಅವಳ ಸೆರಗು ಹಿಡಿದುಕೊಂಡು ಒಂಬತ್ತು ವರ್ಷದ ಸಣಕಲು ಹುಡುಗಿ.

ಹುಲಿಗೆಮ್ಮ ಓಡಿಹೋಗಿ ಅವಳನ್ನು ತಬ್ಬಿ ಎತ್ತಿಯೇಬಿಟ್ಟಳು. "ಮಲ್ಲೀ, ನನ್ನ ಕಂದಾ, ಉಂಡಿಯೇನಬೇ? ಹೊಡದ್ರೇನ ನಿನಗ? ನಾ ಬ್ಯಾಡಂದ್ನಿ, ನಿನ್ನ ಬಿಟ್ಟು ಹೋಗಂಗಿಲ್ಲ ಅಂದ್ನಿ, ನೀಲಮ್ಮ ಕೇಳಲಿಲ್ಲ..." ಮಾತು ನಿಲ್ಲಲೇ ಇಲ್ಲ. ಮಲ್ಲಿ ಅಕ್ಕನ ಕತ್ತಿಗೆ ಕೈ ಹಾಕಿಕೊಂಡಿದ್ದಳು, ಗುರುತು ಹಿಡಿದಿದ್ದಳು, ಅಳುತ್ತಿದ್ದಳು. ಆದರೆ ಬಾಯಿಬಿಟ್ಟಾಗ ಬಂದದ್ದು ತಮಿಳು.

"ಅಕ್ಕಾ, ನೀ ಎಂಗೆ ಪೋನೆ?"

ಹುಲಿಗೆಮ್ಮ ತಂಗಿಯ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಏನಂತಾಳ್ರಿ?"

ನೀನು ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಿದ್ದಾಳೆ ಎಂದೆ. ಎರಡು ವರ್ಷದಲ್ಲಿ ಆ ಮಗುವಿನ ಬಾಯಿಯಿಂದ ಕನ್ನಡ ಹೋಗಿಬಿಟ್ಟಿತ್ತು. ಅಕ್ಕ ಹೇಳಿದ್ದು ಅರ್ಧಂಬರ್ಧ ತಿಳಿಯುತ್ತಿತ್ತು, ತಿರುಗಿ ಹೇಳಲು ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ನನ್ನ ಮಗಳೂ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲೇ ಉತ್ತರ ಕೊಡುತ್ತಾಳೆ. ಅದನ್ನು ಕಂಡು ನಾವು ನಗುತ್ತೇವೆ, ಹಬ್ಬಕ್ಕೆ ಬಂದ ನೆಂಟರಿಗೆ ಹೇಳಿ ನಗಿಸುತ್ತೇವೆ. ಆ ಮಧ್ಯಾಹ್ನ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಮಕ್ಕಳ ನಡುವೆ ಕುಳಿತು, ಉಂಡೆಯಾ, ಎಲ್ಲಿ ಮಲಗುತ್ತಿದ್ದೆ, ನನ್ನ ನೆನಪಾಗುತ್ತಿತ್ತಾ ಎಂಬುದನ್ನೆಲ್ಲ ಒಬ್ಬರದನ್ನು ಇನ್ನೊಬ್ಬರಿಗೆ ದಾಟಿಸುತ್ತಾ ಹೋದೆ.

ಹುಲಿಗೆಮ್ಮ ಒಂದು ದಿನ ಮಾತ್ರ ಅತ್ತಳು. ಮರುದಿನದಿಂದ ಅವಳು ತಮಿಳು ಕಲಿಯಲು ಕುಳಿತಳು. ತಂಗಿಗೆ ಕನ್ನಡ ಕಲಿಸುವ ಹಟವನ್ನೂ ಬಿಡಲಿಲ್ಲ, ಆದರೆ ಅಲ್ಲಿಯ ತನಕ ಮಲ್ಲಿ ಕಾಯಬಾರದೆಂದು ತಾನೇ ಅವಳ ಭಾಷೆಗೆ ನಡೆದುಹೋದಳು. ನೀರಿಗೇನು, ನಿದ್ದೆಗೇನು, ನೋವಿಗೇನು ಎಂದು ಸೆಲ್ವಿಯ ಬೆನ್ನು ಹತ್ತಿ ಕೇಳುತ್ತಿದ್ದಳು. ಅಡುಗೆಕೋಣೆಯಲ್ಲಿ ತಪ್ಪು ತಪ್ಪಾಗಿ ಹೇಳಿ ಎಲ್ಲರನ್ನೂ ನಗಿಸಿದಳು, ತಾನೂ ನಕ್ಕಳು. ಸಮಿತಿಯ ಮುಂದೆ, ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ತಲೆ ತಗ್ಗಿಸದೆ ನಡೆದದ್ದನ್ನೆಲ್ಲ ಹೇಳಿದಳು. ನಾನು ಪಕ್ಕದಲ್ಲಿ ನಿಂತು ತಮಿಳಿಗೆ ತಂದೆ.

ಮುಂದೆ ಏನಾಯಿತು ಎಂದು ಕೇಳುವವರಿಗಾಗಿ ಹೇಳಿಬಿಡುತ್ತೇನೆ. ನೀಲಮ್ಮ ಸಿಕ್ಕಿಬಿದ್ದಳು, ಕೇಸು ವರ್ಷಗಟ್ಟಲೆ ಎಳೆಯಿತು, ಸೆಲ್ವಿ ಒಂದು ವಾಯಿದೆಯನ್ನೂ ತಪ್ಪಿಸಲಿಲ್ಲ, ಕೊನೆಗೆ ಶಿಕ್ಷೆಯಾಯಿತು. ಇಬ್ಬರು ಹುಡುಗಿಯರೂ ಊರ ಹತ್ತಿರದ ಹಾಸ್ಟೆಲಿನಲ್ಲಿ, ಈ ಸಲ ನಿಜವಾದ ಹಾಸ್ಟೆಲಿನಲ್ಲಿ, ಓದಿದರು. ಹುಲಿಗೆಮ್ಮ ಈಗ ನರ್ಸಿಂಗ್ ಮಾಡುತ್ತಿದ್ದಾಳೆ. ಮಲ್ಲಿ ಹೈಸ್ಕೂಲು. ಆದರೆ ಆ ಮಳೆಗಾಲವೆಂದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಅವರ ಅವ್ವ ಬಂದ ದಿನದಲ್ಲಿ.

ಕೊಪ್ಪಳದ ಕಡೆಯ ಕಾರ್ಯಕರ್ತೆಯೊಬ್ಬರು ಹುಡುಕಿ, ರೈಲು ಹತ್ತಿಸಿ, ಜೊತೆಯಲ್ಲೇ ಕರೆತಂದಿದ್ದರು. ಆವತ್ತು ಮಳೆ ಸಣ್ಣಗೆ ಜಿನುಗುತ್ತಿತ್ತು. ಅವಳು ಗೇಟಿನ ಹೊರಗೇ ನಿಂತುಬಿಟ್ಟಳು. ಬಿಸಿಲಿಗೆ ಒಣಗಿದ, ವಯಸ್ಸು ಹೇಳಲಾಗದ ಹೆಂಗಸು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಇತ್ತ ಹುಲಿಗೆಮ್ಮ ತಂಗಿಯ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಅವಳೂ ಹೆಜ್ಜೆ ಕದಲಿಸಲಿಲ್ಲ. ಅಷ್ಟು ದಿನ ಅವ್ವನ ಸುದ್ದಿ ಎತ್ತಿದರೆ ಎದ್ದುಹೋಗುತ್ತಿದ್ದವಳು ಅವಳು. ಸೆಲ್ವಿ ನನ್ನ ಭುಜ ಮುಟ್ಟಿ, ಸುಮ್ಮನಿರು ಎಂದಳು.

ಕೊನೆಗೆ ಕೈ ಬಿಡಿಸಿಕೊಂಡು ಗೇಟಿನ ತನಕ ಹೋದವಳು ಮಲ್ಲಿ. ಕಂಬಿಯ ಈಚೆ ನಿಂತು ತಲೆಯೆತ್ತಿ ತಮಿಳಿನಲ್ಲಿ ಕೇಳಿದಳು.

"ಅಮ್ಮಾ, ನೀ ಏನ್ ವರಲೆ?"

ತಾಯಿಗೆ ಅರ್ಥವಾಗಲಿಲ್ಲ. ಮಗಳ ಬಾಯಿಯನ್ನೇ ನೋಡುತ್ತಾ ಗಾಬರಿಯಾಗಿ ನಿಂತಳು. ನಾನು ಹೇಳಲೆಂದು ಮುಂದೆ ಬಂದೆ. ಅಷ್ಟರಲ್ಲಿ ನನ್ನ ಹಿಂದಿನಿಂದ ಹುಲಿಗೆಮ್ಮನ ದನಿ ಕೇಳಿತು.

"ನೀ ಯಾಕ ಬರ್ಲಿಲ್ಲ ಅಂತ ಕೇಳಾಕತ್ತಾಳವ್ವಾ."

ಆ ತಾಯಿ ಗೇಟಿನ ಕಂಬಿ ಹಿಡಿದುಕೊಂಡು ನೆಲಕ್ಕೆ ಕುಸಿದಳು. "ಅಮಾಸಿಗೊಮ್ಮೆ ಆ ನೀಲಮ್ಮನ ಮನೀ ಮುಂದ ಹೋಗಿ ಕುಂದರ್ತಿದ್ನೆವ್ವಾ. ಪರೀಕ್ಷಿ ಐತಿ, ಈಗ ನೋಡಾಕ ಬಿಡಂಗಿಲ್ಲ ಅಂತಿದ್ಲು. ಆಮ್ಯಾಲ ಮನಿಗೆ ಕೀಲಿ ಹಾಕ್ಕೊಂಡು ಎತ್ಲಾಗೋ ಹೋದ್ಲು. ಗಂಗಾವತಿಗೆ ಹೋದ್ನಿ, ಹೊಸಪೇಟಿಗೆ ಹೋದ್ನಿ, ಹಾಸ್ಟೆಲ್ ಎಲ್ಲೆಲ್ಲಿ ಐತಿ ಅಂತ ಕೇಳ್ಕೋಂತ ತಿರಗಿದ್ನಿ. ಎಲ್ಲೂ ನಿಮ್ಮ ಹೆಸರಿಲ್ಲ ಅಂದ್ರು. ನಿಮ್ಮನ್ನ ಹುಡುಕದ ಊರಿಲ್ಲ ನನ್ನವ್ವಾ."

ಮಲ್ಲಿ ಅಕ್ಕನ ಕಡೆ ತಿರುಗಿದಳು. ಅವ್ವ ಏನು ಹೇಳಿದಳು ಎಂಬ ಪ್ರಶ್ನೆ ಅವಳ ಮುಖದ ಮೇಲಿತ್ತು.

ಹುಲಿಗೆಮ್ಮ ಮಳೆಯಲ್ಲಿ ನಡೆದು ಬಂದು ತಂಗಿಯ ಪಕ್ಕ ಮೊಣಕಾಲೂರಿ ಕುಳಿತಳು. ಹೊಸದಾಗಿ ಕಲಿತ ತಮಿಳಿನಲ್ಲಿ ಅಷ್ಟು ದೊಡ್ಡ ಕತೆ ಹೇಳುವಷ್ಟು ಮಾತು ಅವಳ ಬಳಿ ಇರಲಿಲ್ಲ. ಇದ್ದಷ್ಟರಲ್ಲೇ ಹೇಳಿದಳು.

"ತೇಡ್ನಾ, ಮಲ್ಲೀ. ಅವ್ವ ನಮ್ಮಳೆ ತೇಡ್ನಾ."

ಹುಡುಕಿದಳು, ಅವ್ವ ನಮ್ಮನ್ನು ಹುಡುಕಿದಳು ಎಂದು. ಹೇಳುತ್ತಾ ಹೇಳುತ್ತಾ ಅದು ಮೊದಲ ಬಾರಿಗೆ ಅವಳ ಕಿವಿಗೂ ಬಿದ್ದಂತಾಯಿತು. ಗೇಟಿನ ಅಗಳಿಯನ್ನು ಅವಳೇ ಎತ್ತಿ ತೆಗೆದಳು.